27 ಇಂಚಿನ ಮಾನಿಟರ್ ತಂದ ಮೇಲೆ ಒತ್ತಕ್ಷರ ಯಾಕೆ ಮಂಜಾಯಿತು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಾನಿಟರ್ ಬಗ್ಗೆಯೇ ಇದ್ದವು. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಬಳ್ಳಾರಿಯಲ್ಲಿ ಹದಿನೈದು ವರ್ಷ ಮಾನಿಟರ್ ರಿಪೇರಿ ಮಾಡಿದವನಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜನ ಇಂಚು ನೋಡುತ್ತಾರೆ, ರೇಟು ನೋಡುತ್ತಾರೆ, ಆದರೆ ದಿನವಿಡೀ ಆ ಪರದೆಯಲ್ಲಿ ಏನನ್ನು ನೋಡಬೇಕೋ ಅದನ್ನು ಅಂಗಡಿಯಲ್ಲಿ ಹಾಕಿಸಿ ನೋಡುವುದೇ ಇಲ್ಲ. ಅಂಗಡಿಯವರು ಓಡಿಸುವ ಹೂವಿನ ವಿಡಿಯೊದಲ್ಲಿ ಎಲ್ಲ ಮಾನಿಟರೂ ಚೆನ್ನಾಗಿಯೇ ಕಾಣುತ್ತವೆ.

ಪ್ರಶ್ನೆ: ಸರ್, ನನ್ನದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಬಾಂಡ್ ಪೇಪರ್ ಟೈಪಿಂಗ್ ಎಲ್ಲ ಮಾಡುತ್ತೇನೆ. 22 ಇಂಚಿನ ಹಳೆಯ ಮಾನಿಟರ್ ತೆಗೆದು 27 ಇಂಚಿನದು ತಂದೆ, ಕಣ್ಣಿಗೆ ಆರಾಮ ಆಗುತ್ತೆ ಅಂದುಕೊಂಡು. ಈಗ ಅಕ್ಷರ ದೊಡ್ಡದಾಗಿದೆ, ಒತ್ತಕ್ಷರ ಮಾತ್ರ ಮಂಜು ಮಂಜು. ಪ್ರೂಫ್ ನೋಡುವಾಗ ತಪ್ಪು ತಪ್ಪಿಸಿಕೊಳ್ಳುತ್ತಿವೆ. ಎರಡೂ ಫುಲ್ ಎಚ್‌ಡಿಯೇ. ಮಾನಿಟರ್ ಕೆಟ್ಟದ್ದು ಬಂತಾ?
(ಓದುಗರು, ಗಂಗಾವತಿ)

ಉತ್ತರ: ಮಾನಿಟರ್ ಕೆಟ್ಟಿಲ್ಲ. ಎರಡೂ ಫುಲ್ ಎಚ್‌ಡಿ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅದರಲ್ಲೇ ಇದೆ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920 ಚುಕ್ಕೆ, ಉದ್ದಕ್ಕೆ 1080 ಚುಕ್ಕೆ. 22 ಇಂಚಿನಲ್ಲೂ ಅಷ್ಟೇ ಚುಕ್ಕೆ, 27 ಇಂಚಿನಲ್ಲೂ ಅಷ್ಟೇ. ಪರದೆ ಹಿಗ್ಗಿತು, ಚುಕ್ಕೆ ಹೆಚ್ಚಲಿಲ್ಲ. ಒಂದೇ ಅಳತೆಯ ಹಿಟ್ಟಿನಲ್ಲಿ ಇನ್ನೂ ದೊಡ್ಡ ರೊಟ್ಟಿ ತಟ್ಟಿದ ಹಾಗೆ.

ಲೆಕ್ಕ ಹಾಕೋಣ. 27 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಅಳೆದದ್ದು. ಅಗಲ ಸುಮಾರು 60 ಸೆಂಟಿಮೀಟರ್ ಬರುತ್ತೆ. ಅದನ್ನು 1920ರಿಂದ ಭಾಗಿಸಿದರೆ ಒಂದು ಚುಕ್ಕೆಗೆ 0.31 ಮಿಲಿಮೀಟರ್. ನಿಮ್ಮ ಹಳೆಯದರಲ್ಲಿ ಅದು 0.25ರ ಆಸುಪಾಸು ಇತ್ತು. ಕಣ್ಣು ಸರಿಯಿರುವವರಿಗೆ 60 ಸೆಂಟಿಮೀಟರ್ ದೂರದಿಂದ ಸುಮಾರು 0.17 ಮಿಲಿಮೀಟರ್‌ವರೆಗಿನ ವ್ಯತ್ಯಾಸ ಗೊತ್ತಾಗುತ್ತೆ. ಅಂದರೆ 27 ಇಂಚಿನ ಫುಲ್ ಎಚ್‌ಡಿಯ ಚುಕ್ಕೆ ನಿಮ್ಮ ಕಣ್ಣಿಗೆ ಚುಕ್ಕೆಯಾಗಿಯೇ ಕಾಣುತ್ತೆ. ಅದು ಕಾಣದ ಹಾಗೆ ಆಗಬೇಕಾದರೆ ಒಂದು ಮೀಟರ್‌ಗಿಂತ ಹಿಂದೆ ಕೂರಬೇಕು, ಆಮೇಲೆ ಕೀಬೋರ್ಡ್ ಎಲ್ಲಿಡುತ್ತೀರಿ?

ಇದರಲ್ಲಿ ಕನ್ನಡದ ಪಾಲು ಬೇರೆಯೇ ಇದೆ, ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರು. ಇಂಟರ್ನೆಟ್ಟಿನಲ್ಲಿ ಮಾನಿಟರ್ ಪರೀಕ್ಷೆ ಮಾಡುವವರು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಹಾಕಿ ನೋಡಿ "ಪರವಾಗಿಲ್ಲ" ಅಂತಾರೆ. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಂತಿರುತ್ತೆ. ನಮ್ಮದು ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ. 12 ಪಾಯಿಂಟ್ ಅಕ್ಷರಕ್ಕೆ ಕಂಪ್ಯೂಟರ್ ಸಾಮಾನ್ಯವಾಗಿ 16 ಚುಕ್ಕೆ ಎತ್ತರ ಕೊಡುತ್ತೆ. ಅದರಲ್ಲೇ ಎಲ್ಲವೂ ಹಿಡಿಯಬೇಕು. ಒತ್ತಿಗೆ ಸಿಗುವುದು ಸುಮಾರು ಆರು ಚುಕ್ಕೆ. ಆರು ಚುಕ್ಕೆಯಲ್ಲಿ "ಲಕ್ಷ್ಮೀ"ಯ ಮ-ಒತ್ತು ಬರೆದು ನೋಡಿ, ಚೌಕದ ಹಾಳೆ ತೆಗೆದುಕೊಂಡು ಪೆನ್ಸಿಲ್‌ನಿಂದ ಚೌಕ ತುಂಬುತ್ತಾ ಹೋಗಿ. ಮಗ್ಗಿ ಪುಸ್ತಕದ ಹಾಳೆ ಸಾಕು. "ಸ್ತ್ರೀ", "ರಾಷ್ಟ್ರ", "ಸ್ವಾತಂತ್ರ್ಯ" ಯಾಕೆ ಮಂಜಾಗುತ್ತವೆ ಅಂತ ಕೈಗೇ ಗೊತ್ತಾಗುತ್ತೆ.

ವಾಪಸ್ ಕೊಡುವ ಅವಕಾಶ ಇದ್ದರೆ ಕೊಡಿ, 24 ಇಂಚಿನ ಫುಲ್ ಎಚ್‌ಡಿ ತನ್ನಿ. 27 ಇಂಚೇ ಬೇಕು ಅಂದರೆ ಅಡ್ಡಕ್ಕೆ 2560 ಚುಕ್ಕೆ ಇರುವ ಕ್ಯೂಎಚ್‌ಡಿ ಕೇಳಿ, ಚುಕ್ಕೆ 0.23ಕ್ಕೆ ಇಳಿಯುತ್ತೆ. ಫೋರ್ ಕೆ ಆದರೆ 0.16. ಕನ್ನಡ ಪ್ರೂಫ್ ನೋಡುವವರಿಗೆ ಅದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ, ಇದನ್ನು ನಾನು ನಂಬಿ ಹೇಳುತ್ತಿದ್ದೇನೆ.

ವಾಪಸ್ ಆಗಲ್ಲ ಅಂದರೆ ಮೂರು ಕೆಲಸ ಮಾಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ 1920 × 1080 ಇದೆಯಾ ನೋಡಿ, ಅದಕ್ಕಿಂತ ಕಡಿಮೆ ಇಟ್ಟಿದ್ದರೆ ಮಂಜು ಖಂಡಿತ. ಹಳೆಯ ನೀಲಿ ತುದಿಯ ವಿಜಿಎ ಕೇಬಲ್ ಹಾಗೇ ಹಾಕಿದ್ದರೆ ತೆಗೆದು ಎಚ್‌ಡಿಎಂಐ ಹಾಕಿ. ವಿಜಿಎ 1987ರದ್ದು, ಗಾಜಿನ ಬುರುಡೆ ಮಾನಿಟರ್‌ಗಳ ಕಾಲದ್ದು, ಚುಕ್ಕೆಗೆ ಚುಕ್ಕೆ ಕೂರಿಸುವಾಗ ಅದು ಸ್ವಲ್ಪ ಆಚೀಚೆ ಆಗುತ್ತೆ. ಆಮೇಲೆ ವಿಂಡೋಸ್‌ನ ಹುಡುಕುವ ಜಾಗದಲ್ಲಿ ಕ್ಲಿಯರ್‌ಟೈಪ್ ಅಂತ ಹೊಡೆದು, ಅದು ತೋರಿಸುವ ಮಾದರಿಗಳಲ್ಲಿ ನಿಮ್ಮ ಕಣ್ಣಿಗೆ ಚೊಕ್ಕವಾಗಿ ಕಂಡದ್ದನ್ನು ಆರಿಸಿ. ಇಷ್ಟಾದ ಮೇಲೂ ಪ್ರೂಫ್ ನೋಡುವಾಗ 150 ಪರ್ಸೆಂಟ್ ಜೂಮ್ ಇಟ್ಟುಕೊಳ್ಳಿ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಾದರೆ ಎರಡೂ ಮನೆಯವರು ನಿಮ್ಮನ್ನು ವರ್ಷಗಟ್ಟಲೆ ನೆನೆಸಿಕೊಳ್ಳುತ್ತಾರೆ.

ಪ್ರಶ್ನೆ: ಎಲ್‌ಸಿಡಿ ಮಾನಿಟರ್‌ಗೂ ಎಲ್‌ಇಡಿ ಮಾನಿಟರ್‌ಗೂ ಏನು ವ್ಯತ್ಯಾಸ ಅಣ್ಣಾ? ಕಾಲೇಜಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
(ಡಿಪ್ಲೊಮಾ ವಿದ್ಯಾರ್ಥಿನಿ, ಬಳ್ಳಾರಿ)

ಉತ್ತರ: ತಂಗೀ, ಅಂಗಡಿಯಲ್ಲಿ ಎಲ್‌ಇಡಿ ಅಂತ ಮಾರುವುದು ಎಲ್‌ಸಿಡಿಯನ್ನೇ. ಹಿಂದೆ ಹಚ್ಚಿದ ದೀಪ ಮಾತ್ರ ಬದಲಾಗಿದೆ. ಮೊದಲು ಸಣ್ಣ ಟ್ಯೂಬ್‌ಲೈಟ್ ಥರದ ದೀಪ ಇರುತ್ತಿತ್ತು, ಅದರೊಳಗೆ ಪಾದರಸ. ಈಗ ಎಲ್‌ಇಡಿ ಪಟ್ಟಿ. ಅದರಲ್ಲೂ ಸಾಮಾನ್ಯವಾಗಿ ಇರುವುದು ನೀಲಿ ಎಲ್‌ಇಡಿ. ಮೇಲೆ ಬಳಿದ ಹಳದಿ ಪುಡಿಯಿಂದ ಆ ನೀಲಿ ಬಿಳಿಯಾಗುತ್ತೆ. ಆ ನೀಲಿ ದೀಪ ಕಂಡುಹಿಡಿದ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಎಲ್‌ಸಿ ಅಂದರೆ ದ್ರವ ಹರಳು. ಹೆಸರೇ ವಿಚಿತ್ರ ಅಲ್ವಾ? 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್ ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟರಾಲ್ ಮೇಲೆ ಕೆಲಸ ಮಾಡುತ್ತಿದ್ದರು. ಅದರಿಂದ ಮಾಡಿದ ಒಂದು ವಸ್ತು 145.5 ಡಿಗ್ರಿಯಲ್ಲಿ ಕರಗಿ ಮೊಸರಿನ ತಿಳಿಯ ಹಾಗೆ ಮಬ್ಬಾಗಿ ನಿಂತಿತು, 178.5 ಡಿಗ್ರಿಗೆ ಹೋದ ಮೇಲೆ ತಿಳಿಯಾಯಿತು. ಎರಡೆರಡು ಸಲ ಕರಗುವ ವಸ್ತು! ನಡುವಿನ ಆ ಮಬ್ಬು ಸ್ಥಿತಿಯೇ ದ್ರವ ಹರಳು. ಅದು ನೀರಿನ ಹಾಗೆ ಹರಿಯುತ್ತೆ, ಒಳಗಿನ ಅಣುಗಳು ಮಾತ್ರ ಸಾಲಾಗಿ ನಿಂತಿರುತ್ತವೆ. ಕರೆಂಟ್ ಕೊಟ್ಟರೆ ಆ ಸಾಲು ತಿರುಗುತ್ತೆ. ಹಿಂದಿನ ದೀಪದ ಬೆಳಕು ಆಗ ಮುಂದೆ ಬರುತ್ತೆ, ಇಲ್ಲಾ ನಿಲ್ಲುತ್ತೆ. ಪರದೆಯ ಒಂದೊಂದು ಚುಕ್ಕೆಯೂ ಒಂದು ಪುಟ್ಟ ಕಿಟಕಿ ಅಂದುಕೋ, ಸೆಕೆಂಡಿಗೆ ಅರವತ್ತು ಸಲ ಎಷ್ಟು ತೆರೆಯಬೇಕು ಅಂತ ಅದಕ್ಕೆ ಹೇಳುತ್ತಿರುತ್ತಾರೆ.

ಇದರಲ್ಲಿ ನಮ್ಮ ರಾಜ್ಯದ ಹೆಸರೂ ಇದೆ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದ ಎಸ್. ಚಂದ್ರಶೇಖರ್, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಜೊತೆಗಾರರ ಜೊತೆ ಸೇರಿ ಹೊಸ ಬಗೆಯ ದ್ರವ ಹರಳು ತೋರಿಸಿದರು. ಅಲ್ಲಿಯವರೆಗೆ ಗೊತ್ತಿದ್ದವು ಕಡ್ಡಿಯ ಆಕಾರದ ಅಣುಗಳು. ಇವರು ತೋರಿಸಿದ್ದು ಬಿಲ್ಲೆಯ ಆಕಾರದ್ದು, ಒಂದರ ಮೇಲೊಂದು ನಾಣ್ಯ ಪೇರಿಸಿದ ಹಾಗೆ. ಮುಂದೆ ಅಂಥ ಬಿಲ್ಲೆ ಅಣುಗಳ ತೆಳು ಹಾಳೆಯನ್ನು ಮಾನಿಟರ್‌ಗಳಿಗೆ ಅಂಟಿಸಿದರು. ಪಕ್ಕದಿಂದ ನೋಡಿದರೂ ಚಿತ್ರ ಬಣ್ಣಗೆಡದ ಹಾಗೆ ಆದದ್ದರಲ್ಲಿ ಆ ಹಾಳೆಯ ಪಾಲು ದೊಡ್ಡದು. ಕಾಲೇಜಿನಲ್ಲಿ ಸೆಮಿನಾರ್ ಕೊಡಬೇಕಾದರೆ ಈ ವಿಷಯ ಹಿಡಿ ತಂಗೀ.

ಪ್ರಶ್ನೆ: ಎಪಿಎಂಸಿಯಲ್ಲಿ ನಮ್ಮದು ಅಡತಿ ಅಂಗಡಿ. ಮಾನಿಟರ್ ಆನ್ ಮಾಡಿದರೆ ಎರಡು ಸೆಕೆಂಡ್ ಚಿತ್ರ ಬಂದು ಕಪ್ಪಾಗುತ್ತೆ. ಕೆಳಗಿನ ಪುಟ್ಟ ಲೈಟ್ ಉರಿಯುತ್ತಲೇ ಇರುತ್ತೆ. ಎಸೆಯುವುದೋ, ರಿಪೇರಿ ಮಾಡಿಸುವುದೋ?
(ಓದುಗರು, ರಾಯಚೂರು)

ಉತ್ತರ: ಎಸೆಯಬೇಡಿ. ಕತ್ತಲೆ ಮಾಡಿಕೊಂಡು ಮಾನಿಟರ್ ಆನ್ ಮಾಡಿ, ಕಪ್ಪಾದ ಮೇಲೆ ಮೊಬೈಲ್ ಟಾರ್ಚ್ ಹಚ್ಚಿ ಪರದೆಗೆ ಓರೆಯಾಗಿ ಹಿಡಿಯಿರಿ. ಕಣ್ಣು ಹತ್ತಿರ ತನ್ನಿ. ನಿಮ್ಮ ಲೆಕ್ಕದ ಸಾಲುಗಳು ತೆಳ್ಳಗೆ, ನೆರಳಿನ ಹಾಗೆ ಕಂಡರೆ ಚಿತ್ರ ಬರುತ್ತಿದೆ ಅಂತ ಅರ್ಥ, ಹಿಂದಿನ ದೀಪ ಮಾತ್ರ ಹೋಗಿದೆ. ಮೇಲಿನ ಉತ್ತರದಲ್ಲಿ ಹೇಳಿದೆನಲ್ಲ, ಎಲ್‌ಸಿಡಿ ತಾನಾಗಿ ಬೆಳಕು ಕೊಡುವುದಿಲ್ಲ. ದೀಪ ಆರಿದರೆ ಕಿಟಕಿ ತೆರೆದಿದ್ದರೂ ಒಳಗೆ ಕತ್ತಲೆಯೇ.

ಎರಡು ಸೆಕೆಂಡ್ ಬಂದು ಹೋಗುವುದು ನಾನು ಅತಿ ಹೆಚ್ಚು ನೋಡಿದ ತೊಂದರೆ. ಬಹಳ ಸಲ ದೀಪಕ್ಕೆ ಕರೆಂಟ್ ಕೊಡುವ ಬೋರ್ಡಿನಲ್ಲಿ ಕೆಪಾಸಿಟರ್, ಅಂದರೆ ಕರೆಂಟ್ ತುಂಬಿಟ್ಟುಕೊಳ್ಳುವ ಪುಟ್ಟ ಡಬ್ಬಿ, ನೆತ್ತಿ ಉಬ್ಬಿರುತ್ತೆ. ಚಪ್ಪಟೆ ಇರಬೇಕಾದದ್ದು ಪೂರಿ ಹಾಗೆ ಆಗಿರುತ್ತೆ. ಅದೊಂದನ್ನು ಬದಲಿಸಿದರೆ ಮಾನಿಟರ್ ಇನ್ನೂ ವರ್ಷಗಟ್ಟಲೆ ನಡೆಯುತ್ತೆ. ಶುರುವಿನ ದಿನಗಳಲ್ಲಿ ಒಬ್ಬರು ಇದೇ ತೊಂದರೆ ಹೇಳಿಕೊಂಡು ಬಂದಿದ್ದರು. ನಾನು ಟಾರ್ಚ್ ಹಿಡಿದು ನೋಡದೆ "ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ" ಅಂದುಬಿಟ್ಟೆ. ಅವರು ಬಿಟ್ಟು ಹೋದ ಮಾನಿಟರನ್ನು ಎರಡು ತಿಂಗಳ ಮೇಲೆ ಬಿಚ್ಚಿ ನೋಡಿದರೆ ಹೋಗಿದ್ದದ್ದು ಎರಡು ಕೆಪಾಸಿಟರ್. ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಅವತ್ತಿನಿಂದ ಟಾರ್ಚ್ ಹಿಡಿಯದೆ ಯಾರಿಗೂ ತೀರ್ಪು ಹೇಳಿಲ್ಲ.

ಕೆಪಾಸಿಟರ್ ಉಬ್ಬುವುದಕ್ಕೆ ನಮ್ಮ ಕಡೆಯ ಬಿಸಿಲೂ ಕಾರಣ. ಅದರೊಳಗಿನ ದ್ರವ ಶಾಖಕ್ಕೆ ಆರುತ್ತಾ ಹೋಗುತ್ತೆ. ಹತ್ತು ಡಿಗ್ರಿ ಶಾಖ ಹೆಚ್ಚಾದರೆ ಆಯಸ್ಸು ಅರ್ಧ ಅನ್ನುವುದು ಈ ಕೆಲಸದವರ ಲೆಕ್ಕ. ಎಷ್ಟೋ ಮಾನಿಟರ್‌ಗಳ ಪುಸ್ತಕದಲ್ಲಿ 40 ಡಿಗ್ರಿವರೆಗೆ ಬಳಸಬಹುದು ಅಂತ ಬರೆದಿರುತ್ತೆ. ರಾಯಚೂರಿನ ಏಪ್ರಿಲ್, ಮೇ ತಿಂಗಳು ಅದನ್ನು ದಾಟುತ್ತೆ, ಅದೂ ತಗಡಿನ ಶೀಟಿನ ಕೆಳಗೆ ಕೇಳಲೇಬೇಡಿ. ಜೊತೆಗೆ ಹತ್ತಿಯ ನಾರು ಗಾಳಿ ಆಡುವ ಸೀಳುಗಳಲ್ಲಿ ಕೂತು ಕಂಬಳಿ ಹೊದಿಸಿದ ಹಾಗೆ ಮಾಡುತ್ತೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಒಣಗಿದ ಪೇಂಟ್ ಬ್ರಷ್ಷಿನಿಂದ ಹಿಂದಿನ ಸೀಳು ಗುಡಿಸಿ. ಗೋಡೆಯಿಂದ ಒಂದು ಗೇಣು ಮುಂದಕ್ಕೆ ಇಡಿ. ಆದರೆ ನೀವೇ ಬಿಚ್ಚಲು ಹೋಗಬೇಡಿ. 230 ವೋಲ್ಟ್ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿಕೊಂಡಿರುತ್ತೆ. ಪ್ಲಗ್ ತೆಗೆದ ಮೇಲೂ ಹೊಡೆಯುತ್ತೆ.

ಪ್ರಶ್ನೆ: ಸರ್, ಕೌಲ್ ಬಜಾರಿನಲ್ಲಿ ನಮ್ಮ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಪಾರ್ಟಿಗಳಿಗೆ ಫೋಟೊ ಕಳಿಸಿ ಆರ್ಡರ್ ಹಿಡಿಯುತ್ತೇವೆ. ನಮ್ಮ ಕಂಪ್ಯೂಟರಿನಲ್ಲಿ ಒಂದು ನೀಲಿ, ನನ್ನ ಮೊಬೈಲಿನಲ್ಲಿ ಇನ್ನೊಂದು, ಮಾಲು ತಲುಪಿದ ಮೇಲೆ ಅವರು "ಶೇಡ್ ಬೇರೆ" ಅಂತ ತಕರಾರು. ಒಳ್ಳೆಯ ಮಾನಿಟರ್ ತಂದರೆ ಸರಿಹೋಗುತ್ತಾ?
(ಓದುಗರು, ಬಳ್ಳಾರಿ)

ಉತ್ತರ: ಅರ್ಧ ಸರಿಹೋಗುತ್ತೆ. ಇನ್ನರ್ಧ ಯಾವ ಮಾನಿಟರ್ ತಂದರೂ ಸರಿಹೋಗಲ್ಲ. ಯಾಕೆ ಅನ್ನುವುದನ್ನು ನಿಮ್ಮ ಯೂನಿಟ್ಟಿನಲ್ಲೇ ನೋಡಬಹುದು.

ಬಟ್ಟೆಯ ಎಳೆ ಎಣಿಸುವ ಪುಟ್ಟ ಭೂತಗನ್ನಡಿ ನಿಮ್ಮ ಹತ್ತಿರ ಇದ್ದೇ ಇರುತ್ತೆ. ಅದನ್ನು ಮೊದಲು ಡೆನಿಮ್ ಮೇಲೆ ಇಡಿ. ಹಾಸಿನ ಎಳೆ ನೀಲಿ, ಹೊಕ್ಕಿನ ಎಳೆ ಬಿಳಿ. ನೀಲಿ ಎಳೆಯನ್ನು ಬಿಚ್ಚಿದರೆ ಅದರ ನಡುವೂ ಬಿಳಿಯೇ, ಬಣ್ಣ ಸಿಪ್ಪೆಯಲ್ಲಿ ಮಾತ್ರ. ವಾಶ್ ಮಾಡಿದಷ್ಟೂ ಸಿಪ್ಪೆ ಸವೆದು ಬಿಳಿ ಹೊರಬರುತ್ತೆ, ಅದೇ ನಿಮ್ಮ ಶೇಡ್. ಈಗ ಅದೇ ಕನ್ನಡಿಯನ್ನು ಮಾನಿಟರಿನಲ್ಲಿರುವ ಅದೇ ಜೀನ್ಸ್ ಫೋಟೊ ಮೇಲೆ ಇಡಿ, ಒತ್ತಬೇಡಿ. ಅಲ್ಲಿ ನೀಲಿ ಎಳೆಯೂ ಇಲ್ಲ, ಬಿಳಿ ಎಳೆಯೂ ಇಲ್ಲ. ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಲಾಗಿ ನಿಂತಿವೆ. ಸುಮ್ನೆ ಬಿಳಿ ಹಾಳೆ ತೆರೆದು ನೋಡಿ, ಅಲ್ಲೂ ಬಿಳಿ ಅನ್ನುವುದೇ ಇಲ್ಲ, ಮೂರೂ ಪಟ್ಟಿ ಜೋರಾಗಿ ಉರಿಯುತ್ತಿರುತ್ತವೆ ಅಷ್ಟೇ. ಹಳದಿಯಲ್ಲಿ ಕೆಂಪು, ಹಸಿರು ಉರಿದು ನೀಲಿ ಆರಿರುತ್ತೆ.

ಬಟ್ಟೆ ತನ್ನ ಮೇಲೆ ಬಿದ್ದ ಬೆಳಕನ್ನು ವಾಪಸ್ ಕೊಡುತ್ತೆ. ಪರದೆ ತಾನೇ ಬೆಳಕು ಬಿಡುತ್ತೆ. ಅದಕ್ಕೇ ನಿಮ್ಮ ಪ್ಯಾಂಟು ಒಳಗಿನ ಎಲ್‌ಇಡಿ ಬಲ್ಬಿನ ಕೆಳಗೆ ಒಂದು ಬಣ್ಣ, ಬಾಗಿಲ ಹತ್ತಿರ ಇನ್ನೊಂದು ಬಣ್ಣ ಕಾಣುತ್ತೆ. ಪರದೆಯ ಬಣ್ಣ ಹಾಗೆ ಬದಲಾಗುವುದಿಲ್ಲ. ಇದು ಸರಿಹೋಗದ ಇನ್ನರ್ಧ.

ಸರಿಮಾಡಬಹುದಾದ ಅರ್ಧ ಹೇಳುತ್ತೇನೆ. ಮಾನಿಟರಿನ ಗುಂಡಿ ಒತ್ತಿ ಮೆನು ತೆಗೆಯಿರಿ. ಬಣ್ಣದ ಮೋಡ್ "ಕೂಲ್" ಅಂತ ಇದ್ದರೆ ಎಲ್ಲದರ ಮೇಲೂ ನೀಲಿ ಛಾಯೆ ಬೀಳುತ್ತೆ, ಜೀನ್ಸ್ ವ್ಯಾಪಾರಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಎಸ್‌ಆರ್‌ಜಿಬಿ (ಪರದೆಗಳ ಬಣ್ಣಕ್ಕೆ ಇರುವ ಮಾಮೂಲಿ ಅಳತೆ) ಅನ್ನುವ ಮೋಡ್ ಇದ್ದರೆ ಅದಕ್ಕೆ ಹಾಕಿ, ಇಲ್ಲದಿದ್ದರೆ ಕಲರ್ ಟೆಂಪರೇಚರ್ 6500 ಇಡಿ. ಪರದೆಯನ್ನು ಹಳದಿ ಮಾಡುವ ಕಂಪ್ಯೂಟರಿನ ನೈಟ್ ಲೈಟ್ ಆಫ್ ಮಾಡಿ. ಮೊಬೈಲಿನಲ್ಲಿ "ವಿವಿಡ್" ಬಿಟ್ಟು "ನ್ಯಾಚುರಲ್" ಇಡಿ. ಇಷ್ಟು ಮಾಡಿದರೆ ನಿಮ್ಮದೇ ಎರಡು ಪರದೆಗಳು ಹತ್ತಿರ ಬರುತ್ತವೆ. ಹೊಸ ಮಾನಿಟರ್ ತರುವುದಾದರೆ ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪ್ಯಾನೆಲ್ ಬೇಕು ಅಂತ ಕೇಳಿ. ಹಳೆಯ ಟಿಎನ್ ಪ್ಯಾನೆಲ್‌ನಲ್ಲಿ ನಿಂತು ನೋಡಿದರೆ ಒಂದು ಶೇಡ್, ಕೂತು ನೋಡಿದರೆ ಒಂದು ಶೇಡ್. ಲ್ಯಾಪ್‌ಟಾಪ್ ಆದರೆ ವಿವರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಬರೆದದ್ದನ್ನು ಬಿಡಿ, ಅದರಲ್ಲಿ ಬಣ್ಣ ಸಪ್ಪೆ. 72% ಇದ್ದರೆ ಹೆಚ್ಚುಕಡಿಮೆ ಎಸ್‌ಆರ್‌ಜಿಬಿಯಷ್ಟು ಬಣ್ಣ ಬರುತ್ತೆ.

ಆದರೆ ಪಾರ್ಟಿಯ ಮೊಬೈಲ್ ನಿಮ್ಮ ಕೈಯಲ್ಲಿಲ್ಲ. ಅವರು ಬಿಸಿಲಿನಲ್ಲಿ ನಿಂತು ನೋಡುತ್ತಾರೋ, ಒಡೆದ ಗಾಜಿನ ಮೇಲೆ ನೋಡುತ್ತಾರೋ ಗೊತ್ತಿಲ್ಲ. ಆದ್ದರಿಂದ ಫೋಟೊದಲ್ಲಿ ಜೇಬು, ಹೊಲಿಗೆ, ಕಟಿಂಗ್ ತೋರಿಸಿ, ಶೇಡ್ ಮಾತ್ರ ಫೋಟೊದಲ್ಲಿ ಒಪ್ಪಿಸಬೇಡಿ. ಪ್ರತಿ ಲಾಟಿನಿಂದ ವಾಶ್ ಆದ ಮೇಲೆ ಅಂಗೈ ಅಗಲದ ಎರಡು ತುಂಡು ಕತ್ತರಿಸಿ, ಎರಡಕ್ಕೂ ಒಂದೇ ನಂಬರ್ ಬರೆದು, ಒಂದು ನಿಮ್ಮ ಫೈಲಿಗೆ, ಒಂದು ಬಸ್ಸಿನ ಪಾರ್ಸೆಲ್‌ನಲ್ಲಿ ಅವರಿಗೆ. ಬಾಗಿಲ ಹತ್ತಿರ, ನೆರಳಿನಲ್ಲಿ ಇಟ್ಟು ನೋಡಿ ಅಂತ ಫೋನಿನಲ್ಲಿ ಹೇಳಿ. ಒಂದು ಲಾಟ್ ವಾಪಸ್ ಬರುವ ನಷ್ಟದ ಮುಂದೆ ಪಾರ್ಸೆಲ್ ಖರ್ಚು ಏನೂ ಅಲ್ಲ.

ಪ್ರಶ್ನೆ: ಓಎಲ್‌ಇಡಿ ಮಾನಿಟರ್ ತಗೊಳ್ಳಲಾ? ಹಗಲು ಟ್ಯಾಲಿ ಕೆಲಸ, ರಾತ್ರಿ ಸ್ವಲ್ಪ ಗೇಮ್.
(ಓದುಗರು, ಕೊಪ್ಪಳ)

ಉತ್ತರ: ಹಗಲು ಟ್ಯಾಲಿ ಅಂದ ಮೇಲೆ ಬೇಡ ಅನ್ನುತ್ತೇನೆ. ಓಎಲ್‌ಇಡಿಯಲ್ಲಿ ಹಿಂದೆ ದೀಪ ಇರುವುದಿಲ್ಲ, ಪ್ರತಿ ಚುಕ್ಕೆಯೂ ತಾನೇ ಉರಿಯುತ್ತೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರುತ್ತೆ. ಅಮಾವಾಸ್ಯೆ ರಾತ್ರಿಯಂಥ ಕಪ್ಪು. ಗೇಮಿಗೆ, ಸಿನಿಮಾಗೆ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಆದರೆ ಉರಿದ ಚುಕ್ಕೆ ಸವೆಯುತ್ತೆ. ದಿನಕ್ಕೆ ಎಂಟು ಗಂಟೆ ಒಂದೇ ಜಾಗದಲ್ಲಿ ಟ್ಯಾಲಿಯ ಮೆನು, ಕೆಳಗಿನ ಪಟ್ಟಿ ನಿಂತರೆ ಅಲ್ಲಿನ ಚುಕ್ಕೆಗಳು ಉಳಿದವಕ್ಕಿಂತ ಬೇಗ ಸೋತು, ವರ್ಷ ಕಳೆದ ಮೇಲೆ ಆ ಗುರುತು ಉಳಿಯಬಹುದು. ಇನ್ನೊಂದು, ಎಷ್ಟೋ ಓಎಲ್‌ಇಡಿ ಮಾನಿಟರ್‌ಗಳಲ್ಲಿ ಕೆಂಪು-ಹಸಿರು-ನೀಲಿ ಪಟ್ಟಿಗಳು ಮಾಮೂಲಿ ಸಾಲಿನಲ್ಲಿ ಇರುವುದಿಲ್ಲ. ಅದರಿಂದ ಸಣ್ಣ ಅಕ್ಷರದ ಅಂಚಿಗೆ ಬಣ್ಣ ಹತ್ತುತ್ತೆ. ಕನ್ನಡದ ಒತ್ತಿಗೆ ಅದು ಇನ್ನೂ ಕಷ್ಟ. 144 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಐಪಿಎಸ್ ತನ್ನಿ, ಎರಡೂ ಕೆಲಸಕ್ಕೆ ಆಗುತ್ತೆ. 60ರ ಬದಲು 75 ಹರ್ಟ್ಸ್ ಅನ್ನುವುದಕ್ಕೆ ಮಾತ್ರ ಜಾಸ್ತಿ ದುಡ್ಡು ಕೊಡಬೇಡಿ.

ಪ್ರಶ್ನೆ: ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ. ಸಂಜೆಗೆ ಕಣ್ಣುರಿ ಅಂತಾಳೆ. ನೀಲಿ ಬೆಳಕು ತಡೆಯುವ ಕನ್ನಡಕ ಕೊಡಿಸಬೇಕಾ?
(ಒಬ್ಬ ತಾಯಿ, ಸಿಂಧನೂರು)

ಉತ್ತರ: ಅಮ್ಮಾ, ಕನ್ನಡಕದ ದುಡ್ಡು ಈಗಲೇ ಖರ್ಚು ಮಾಡಬೇಡಿ. ಅಮೆರಿಕದ ಕಣ್ಣಿನ ವೈದ್ಯರ ಸಂಘವೇ ಕಂಪ್ಯೂಟರ್ ಕೆಲಸಕ್ಕೆ ಅಂಥ ಕನ್ನಡಕ ಬೇಕು ಅಂತ ಹೇಳುವುದಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ ಆಗುತ್ತೆ, ಕಣ್ಣು ಒಣಗುತ್ತೆ. ನಿಮ್ಮ ಕಡೆಯ ಒಣಗಾಳಿ, ಮುಖಕ್ಕೆ ಬೀಸುವ ಫ್ಯಾನು ಸೇರಿದರೆ ಉರಿ ಬರದೆ ಇರುತ್ತಾ? ಫ್ಯಾನಿನ ದಿಕ್ಕು ತಿರುಗಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಸೆಕೆಂಡ್ ಕಿಟಕಿಯಾಚೆ ದೂರ ನೋಡಲಿ.

ಇನ್ನೊಂದು ಕೆಲಸ ನೀವೇ ಮಾಡಿ. ಒಂದು ಬಿಳಿ ಹಾಳೆ ತೆಗೆದುಕೊಂಡು ಮಾನಿಟರ್ ಪಕ್ಕದಲ್ಲಿ ಹಿಡಿಯಿರಿ. ಪರದೆಯ ಬಿಳಿ ದೀಪದ ಹಾಗೆ ಉರಿಯುತ್ತಾ, ಹಾಳೆ ಬೂದಿಯಾಗಿ ಕಂಡರೆ ಬ್ರೈಟ್‌ನೆಸ್ ಜಾಸ್ತಿ ಇದೆ. ಎರಡೂ ಒಂದೇ ಥರ ಕಾಣುವವರೆಗೆ ಇಳಿಸಿ. ಕಿಟಕಿ ಬೆನ್ನ ಹಿಂದೆಯೂ ಬೇಡ, ಮಾನಿಟರಿನ ಹಿಂದೆಯೂ ಬೇಡ, ಪಕ್ಕಕ್ಕೆ ಬರುವ ಹಾಗೆ ಟೇಬಲ್ ತಿರುಗಿಸಿ. ವಾರ ಕಳೆದರೂ ಉರಿ ಹೋಗದಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಪವರ್ ಬಂದಿರಬಹುದು.

ಪ್ರಶ್ನೆ: ಹೊಸ ಮಾನಿಟರ್‌ನಲ್ಲಿ ಒಂದೇ ಒಂದು ಕಪ್ಪು ಚುಕ್ಕೆ. ಬದಲಿಸಿ ಕೊಡುತ್ತಾರಾ?
(ಓದುಗರು, ಸಿರುಗುಪ್ಪ)

ಉತ್ತರ: ಒಂದಕ್ಕೆ ಬದಲಿಸಿ ಕೊಡುವುದು ಕಡಿಮೆ. ಇಷ್ಟು ಚುಕ್ಕೆ ಹೋದರೆ ಮಾತ್ರ ಅಂತ ವಾರಂಟಿ ಕಾಗದದಲ್ಲಿ ಬರೆದಿರುತ್ತಾರೆ, ಓದಿ ನೋಡಿ. ಆದರೆ ಕೊಂಡು ಒಂದೆರಡು ದಿನವಾಗಿದ್ದರೆ ಅಂಗಡಿಯವರನ್ನು ಕೇಳಲು ಸಂಕೋಚ ಬೇಡ, ಎಷ್ಟೋ ಜನ ಮಾತಿಗೆ ಒಪ್ಪುತ್ತಾರೆ. ಅದು ಕಪ್ಪಾಗಿರದೆ ಕೆಂಪೋ ಹಸಿರೋ ಆಗಿ ನಿಂತಿದ್ದರೆ ಚುಕ್ಕೆ ಸತ್ತಿಲ್ಲ, ಸಿಕ್ಕಿಕೊಂಡಿದೆ, ಕೆಲವೊಮ್ಮೆ ತಾನಾಗಿ ಬಿಡುತ್ತೆ. ಹೆಬ್ಬೆರಳಿನಿಂದ ಒತ್ತಿ ಸರಿಮಾಡುವ ವಿಡಿಯೊ ನೋಡಿ ಹಾಗೆ ಮಾಡಬೇಡಿ, ಪಕ್ಕದ ನಾಲ್ಕು ಚುಕ್ಕೆಯೂ ಹೋದದ್ದನ್ನು ನೋಡಿದ್ದೇನೆ.